ಅಪ್ಪನ ಶುಗರ್, ಜಪಾನಿನ ಲೆಕ್ಕ

(1/3)

ಫೋಟೋದಲ್ಲಿರೋದು ನಮ್ಮಪ್ಪನ ಶುಗರ್ ಮೆಷಿನ್. ಹೋದ ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, 212.

ಒಂದು ತಿಂಗಳಿಂದ ಮಾತ್ರೆ ಸರಿಯಾಗಿ ತಗೊಂಡಿಲ್ಲ ಅಂತ ಆಗ ಗೊತ್ತಾಯ್ತು. ಅಮ್ಮ ಬೈದ್ರು. ಅಪ್ಪ ಆರಾಮಾಗಿ ಹೇಳಿದ್ರು, "ತಾತಂಗೂ ಇತ್ತು, ನಂಗೂ ಬಂತು. ವಂಶದ ರಕ್ತದಲ್ಲೇ ಇದೆ. ಮಾತ್ರೆ ನುಂಗಿದ್ರೆ ಹಣೆಬರಹ ಬದಲಾಗತ್ತಾ?"

ನಂಗೆ ಉತ್ತರ ಗೊತ್ತಿರ್ಲಿಲ್ಲ. ಅಪ್ಪ ದಪ್ಪಾನೂ ಇಲ್ಲ, ಬೆಲ್ಟಿಗೆ ಎಕ್ಸ್‌ಟ್ರಾ ತೂತು ಹಾಕಿಸ್ಕೊಳ್ಳೋ ಅಷ್ಟು ಸಣ್ಣ. ಸಣ್ಣಗಿರೋರಿಗೆ ಯಾಕೆ ಬರುತ್ತೆ ಅಂತ ರಾತ್ರಿ ಹುಡುಕ್ತಾ ಕೂತೆ. ಹುಡುಕ್ತಾ ಹುಡುಕ್ತಾ ಜಪಾನಿಗೆ ಹೋದೆ. ಅಲ್ಲೂ ಯೂರೋಪಿನವರಿಗಿಂತ ಕಡಿಮೆ ತೂಕದಲ್ಲೇ ತುಂಬಾ ಜನಕ್ಕೆ ಶುಗರ್ ಬರುತ್ತಂತೆ.

ಜಪಾನಿನವರು 2003ರಲ್ಲಿ ಒಂದು ಕೆಲಸ ಶುರು ಮಾಡಿದ್ರು. ಹೆಸರು ಬಯೋಬ್ಯಾಂಕ್ ಜಪಾನ್. ಹಣ ಇಡೋ ಬ್ಯಾಂಕ್ ಅಲ್ಲ, ರಕ್ತ ಮತ್ತು ಡಿಎನ್‌ಎ ಇಡೋ ಬ್ಯಾಂಕ್. ಆಸ್ಪತ್ರೆಗೆ ಬಂದ ಸುಮಾರು 2 ಲಕ್ಷ ರೋಗಿಗಳು, 47 ಕಾಯಿಲೆಗಳು. ನಮ್ಮ ಡಿಎನ್‌ಎ ಅಂದ್ರೆ ಸುಮಾರು 300 ಕೋಟಿ ಅಕ್ಷರದ ಪುಸ್ತಕ. ಕಾಯಿಲೆ ಇರೋರ ಪುಸ್ತಕದಲ್ಲಿ ಯಾವ ಅಕ್ಷರ ಹೆಚ್ಚು ಸಲ ಬೇರೆ ಇದೆ ಅಂತ ಇಲ್ಲದವರ ಜೊತೆ ಹೋಲಿಸಿ ನೋಡ್ತಾರೆ. ಬಿಸಿನೆಸ್ ಸ್ಟಾಟಿಸ್ಟಿಕ್ಸ್ ಪಾಸಾದೋರಿಗೆ ಇದು ಅರ್ಥ ಆಗುತ್ತೆ, ಧೈರ್ಯವಾಗಿರಿ.

2008ರಲ್ಲಿ ಜಪಾನಿನ ಎರಡು ತಂಡಗಳು ಒಂದೇ ಜೀನ್ ಹಿಡಿದ್ವು, ಕೆಸಿಎನ್‌ಕ್ಯೂ1. ಶುಗರ್‌ಗೆ ಸಂಬಂಧಪಟ್ಟದ್ದು. ಅದಕ್ಕೂ ಮುಂಚೆ ಯೂರೋಪಿನ ದೊಡ್ಡ ದೊಡ್ಡ ಅಧ್ಯಯನಗಳಿಗೆ ಅದು ಕಂಡಿರ್ಲಿಲ್ಲ. ಯಾಕೆ? ಅಲ್ಲಿ ಹೆಚ್ಚುಕಮ್ಮಿ ಎಲ್ಲರಲ್ಲೂ ರಿಸ್ಕ್ ಇರೋ ಅಕ್ಷರಾನೇ ಇತ್ತು. ನಮ್ಮ ಕ್ಲಾಸಲ್ಲಿ ಎಲ್ಲರ ಅಟೆಂಡೆನ್ಸೂ 95 ಇದ್ರೆ, ಅಟೆಂಡೆನ್ಸಿಂದ ಮಾರ್ಕ್ಸ್ ಬರುತ್ತೋ ಇಲ್ವೋ ಅಂತ ಹೇಗೆ ಹೇಳ್ತೀರ? ಹೇಳಕ್ಕಾಗಲ್ಲ. ಜಪಾನಿನಲ್ಲಿ ಎರಡೂ ಥರದವರು ಸಾಕಷ್ಟು ಇದ್ರು, ಹಾಗಾಗಿ ವ್ಯತ್ಯಾಸ ಕಾಣಿಸ್ತು.

(2/3)

ಸರಿ, ಹಾಗಾದ್ರೆ ಅಪ್ಪ ಹೇಳಿದ್ದೇ ನಿಜ, ರಕ್ತದಲ್ಲೇ ಇದೆ ಅಂತ ಅಂದ್ಕೊಂಡೆ. ಆಮೇಲೆ ಇನ್ನೊಂದು ಜೀನ್ ಬಗ್ಗೆ ಓದಿದೆ. ಎಎಲ್‌ಡಿಎಚ್2.

ಕುಡಿದಾಗ ಹೊಟ್ಟೆಗೆ ಹೋದ ಆಲ್ಕೋಹಾಲ್ ಮೊದಲು ಒಂದು ವಿಷ ಆಗುತ್ತೆ. ಆ ವಿಷವನ್ನ ಕ್ಲೀನ್ ಮಾಡೋದು ಈ ಜೀನ್ ಕೆಲಸ. ಜಪಾನಿನಲ್ಲಿ 100ಕ್ಕೆ ಸುಮಾರು 40 ಜನರಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ದು, ಈ ಕ್ಲೀನಿಂಗ್ ವೀಕ್. ಸ್ವಲ್ಪ ಕುಡಿದ್ರೂ ಮುಖ ಕೆಂಪಾಗುತ್ತೆ, ಎದೆ ಡವಡವ, ವಾಂತಿ ಬಂದ ಹಾಗೆ. ಅದಕ್ಕೇ ಹೆಚ್ಚಿನವರು ಕುಡಿಯೋದೇ ಕಡಿಮೆ. ಆದ್ರೆ ಇಂಥವರು ತಡ್ಕೊಂಡು ಕುಡೀತಾ ಹೋದ್ರೆ ಅನ್ನನಾಳದ ಕ್ಯಾನ್ಸರ್ ಬರೋ ಸಾಧ್ಯತೆ ಬಹಳ ಜಾಸ್ತಿ.

ಈಗ ನನ್ನ ನಿದ್ದೆ ಕೆಡಿಸಿದ ಭಾಗ. ಸುಸುಮು ಹಿಗುಚಿ ಅನ್ನೋ ಡಾಕ್ಟರ್ ತಂಡ ಜಪಾನಿನ ಕುಡಿತದ ಚಟ ಇರೋರನ್ನ ಪರೀಕ್ಷೆ ಮಾಡಿತ್ತು. ಅವರಲ್ಲಿ ಈ ವೀಕ್ ಜೀನಿನ ಒಂದು ಪ್ರತಿ ಇದ್ದೋರು ಎಷ್ಟು ಜನ?

1979ರಲ್ಲಿ ಶೇ. 2.5.
1986ರಲ್ಲಿ ಶೇ. 8.
1992ರಲ್ಲಿ ಶೇ. 13.

ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗಲ್ಲ ಅಲ್ವಾ? ಬದಲಾಗಿದ್ದು ಸುತ್ತಮುತ್ತ. ದೇಹ ಬೇಡ ಅಂತಿತ್ತು, ಆದ್ರೂ ಗ್ಲಾಸ್ ಕೈಗೆ ಬಂತು. "ಒಂದೇ ಒಂದು ಮಚಾ, ಏನಾಗಲ್ಲ" ಅಂತ ನಮ್ಮ ಟ್ರಿಪ್ಪಲ್ಲೂ ಹೇಳ್ತೀವಲ್ಲ, ಅದು ನೆನಪಾಯ್ತು.

(3/3)

ಬಿಕಾಂ ಭಾಷೇಲಿ ಹೇಳ್ತೀನಿ. ಜೀನ್ ಅಂದ್ರೆ ಓಪನಿಂಗ್ ಬ್ಯಾಲೆನ್ಸ್. ಕೆಲವರಿಗೆ ಸಾಲದಿಂದಲೇ ಶುರು, ಅದು ಅನ್ಯಾಯ, ಒಪ್ಕೋತೀನಿ. ಆದ್ರೆ ವರ್ಷವಿಡೀ ಏನು ಎಂಟ್ರಿ ಹಾಕ್ತೀವಿ ಅನ್ನೋದನ್ನ ಬಿಟ್ಟು ಯಾರೂ ಕ್ಲೋಸಿಂಗ್ ಬ್ಯಾಲೆನ್ಸ್ ಬರೆಯಲ್ಲ.

ಇನ್ನೊಂದು ಮಾತು. ಜಪಾನಿನ ಲೆಕ್ಕವನ್ನ ತಂದು ಅಪ್ಪನ ಮೇಲೆ ಅಂಟಿಸಕ್ಕಾಗಲ್ಲ. 2019ರ ಲೆಕ್ಕದ ಪ್ರಕಾರ, ಪ್ರಪಂಚದಲ್ಲಿ ಇಂಥ ಅಧ್ಯಯನಗಳಿಗೆ ಸೇರಿದವರಲ್ಲಿ ಶೇ. 79ರಷ್ಟು ಯೂರೋಪ್ ಮೂಲದವರು. ಜಪಾನ್ ತನ್ನ ಜನರನ್ನ ತಾನೇ ಎಣಿಸ್ಕೊಂಡಿದ್ದಕ್ಕೆ ಅವರಿಗೆ ಅವರ ಉತ್ತರ ಸಿಕ್ತು. ನಮ್ಮಲ್ಲೂ ಶುರುವಾಗಿದೆ. ಜೀನೋಮ್ ಇಂಡಿಯಾದಲ್ಲಿ 10,000 ಭಾರತೀಯರ ಪೂರ್ತಿ ಡಿಎನ್‌ಎ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಕೊಟ್ಟಿದ್ದಾರೆ. ಇದರ ಮುಂದಾಳತ್ವ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು. ಆರಂಭ ಅಷ್ಟೇ, ಆದ್ರೂ ಆರಂಭ.

ಬುಧವಾರ ರಾತ್ರಿ ಊಟ ಆದ್ಮೇಲೆ ಇದನ್ನೆಲ್ಲ ಅಪ್ಪಂಗೆ ಹೇಳಿದೆ. ಅರ್ಧ ಕೇಳಿದ್ರು, ಅರ್ಧ ಟಿವಿ ನೋಡಿದ್ರು. 1979, 1992 ಲೆಕ್ಕಕ್ಕೆ ಮಾತ್ರ ತಿರುಗಿ ನೋಡಿದ್ರು. ಆಮೇಲೆ, "ನೀನು ಒಂದ್ಸಲಾನಾದ್ರೂ ಚೆಕ್ ಮಾಡಿಸ್ಕೊಂಡಿದ್ದೀಯಾ?" ಅಂದ್ರು.

ಇಲ್ಲ. ಭಯ. ಇದೆ ಅಂತ ಬಂದ್ರೆ ಅಂತ. ಅಪ್ಪನ ಹಣೆಬರಹದ ಮಾತಿಗೆ ಸಿಟ್ಟು ಮಾಡ್ಕೊಂಡ ನಾನೂ ಅದನ್ನೇ ನಂಬಿದ್ದೆ.

ಮಾರನೇ ದಿನ ಬೆಳಿಗ್ಗೆ ಅಪ್ಪನೇ ನನ್ನ ಬೆರಳು ಚುಚ್ಚಿದ್ರು. 94.

"ನೋಡು ಪುಟ್ಟಿ, ನಿಂಗಿಲ್ಲ" ಅಂದ್ರು.

"ಈಗಿಲ್ಲ ಅಪ್ಪ, ಅಷ್ಟೇ. ನೀವು ಮಾತ್ರೆ ತಗೊಳ್ಳಿ" ಅಂದೆ.

ತಗೊಂಡ್ರು. ನಾಳೆ ತಗೋತಾರೋ ಇಲ್ವೋ ಗೊತ್ತಿಲ್ಲ. ನಾಳೆ ಮತ್ತೆ ಕೇಳ್ತೀನಿ.

ನಿಮ್ಮನೇಲಿ "ವಂಶದಲ್ಲೇ ಇದೆ" ಅಂತ ಕೈಬಿಟ್ಟಿರೋ ಕಾಯಿಲೆ ಯಾವುದು? ಕಮೆಂಟಲ್ಲಿ ಹೇಳಿ. ಹೇಳಕ್ಕೆ ಇಷ್ಟ ಇಲ್ದಿದ್ರೆ ಪರವಾಗಿಲ್ಲ, ಮನೇಲಿ ಒಂದ್ಸಲ ಕೇಳಿ.

#ಕನ್ನಡಕ್ಯಾಪ್ಷನ್ #ಓಪನಿಂಗ್‌ಬ್ಯಾಲೆನ್ಸ್ #ಅಪ್ಪ