ಹಿತ್ತಿಲ ಕಟ್ಟೆ

ಮಗ ಸ್ಕೂಲಿನಲ್ಲಿ ಏಟು ತಿಂದು ಬಂದ ವಾರ, ವೀಡಿಯೋ ಅಂಗಡಿಯಿಂದ ‘ದಿ ಕರಾಟೆ ಕಿಡ್’ ಕ್ಯಾಸೆಟ್ ತಂದೆವು. 1984ರ ಅಮೆರಿಕನ್ ಚಿತ್ರ. ಹೊಡೆದಾಟ ಕಲಿಸಿ ಅಂತ ಬಂದ ಹುಡುಗನಿಗೆ ಮಿಯಾಗಿ ಎಂಬ ಮುದುಕ ಕಾರು ಒರೆಸಲು ಹಚ್ಚುತ್ತಾನೆ. ನೆಲ ಉಜ್ಜಿಸುತ್ತಾನೆ, ಬೇಲಿಗೆ ಬಣ್ಣ ಬಳಿಸುತ್ತಾನೆ. “ಇದೇ ಕರಾಟೆಯಾದರೆ ನನಗೆ ಎಂದೋ ಬ್ಲ್ಯಾಕ್ ಬೆಲ್ಟ್ ಸಿಗಬೇಕಿತ್ತು ಕಣೋ” ಎಂದೆ. ಎಲ್ಲರೂ ನಕ್ಕರು. ಮುದುಕನ ಹರಕುಮುರುಕು ಇಂಗ್ಲಿಷಿಗೂ ನಕ್ಕೆವು. (ಆ ಪಾತ್ರ ಮಾಡಿದ ಪ್ಯಾಟ್ ಮೊರಿಟಾ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಹಾಸ್ಯಗಾರರು, ಆ ಉಚ್ಚಾರ ಬರೀ ನಟನೆಯೆಂದು ಆಮೇಲೆ ಓದಿದೆ.)

ಒಂದು ರಾತ್ರಿ ಮಿಯಾಗಿ ಹಳೆಯ ಸೈನ್ಯದ ಉಡುಪು ತೊಟ್ಟು ಕುಡಿದು ಕೂತಿದ್ದಾನೆ. ಅಂದು ಅವನ ಮದುವೆಯಾದ ದಿನ. ಅವನು ಅಮೆರಿಕಕ್ಕಾಗಿ ಯುದ್ಧದಲ್ಲಿದ್ದಾಗ ಹೆಂಡತಿ ಮ್ಯಾಂಜನಾರ್ ಶಿಬಿರದಲ್ಲಿ ಹೆರಿಗೆಯಾಗದೆ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ 1942ರಿಂದ ಸುಮಾರು 1,20,000 ಮಂದಿಯನ್ನು ಅಮೆರಿಕದ ಸರ್ಕಾರ ಇಂಥ ಶಿಬಿರಗಳಿಗೆ ತುಂಬಿತ್ತು. ಮೊರಿಟಾ ಕೂಡ ಹುಡುಗನಾಗಿದ್ದಾಗ ಅಲ್ಲಿದ್ದು ಬಂದವರೇ.

“ಫಾರ್ವರ್ಡ್ ಮಾಡಮ್ಮ, ಫೈಟ್ ಬರಲಿ” ಎಂದ ಮಗ. ನನ್ನ ಕೈ ಏಳಲಿಲ್ಲ.

ನಮ್ಮಪ್ಪ ವರ್ಷಕ್ಕೊಂದು ಸಂಜೆ ಊಟ ಬಿಟ್ಟು ಹಿತ್ತಿಲ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರ ಮೊದಲ ಹೆಂಡತಿ ಹೆರಿಗೆಯಲ್ಲಿ ಹೋದರಂತೆ. ನಮಗೆ ಗೊತ್ತಿದ್ದುದು ಅಷ್ಟೇ. ಅಮ್ಮ ಅಂದು ಅಪ್ಪನ ತಟ್ಟೆ ಮುಚ್ಚಿಟ್ಟು, ಏನೂ ಕೇಳದೆ ಮಲಗಿಬಿಡುತ್ತಿದ್ದಳು.

ಮರುದಿನ ಅಮ್ಮನಿಗೆ ಕಾಗದ ಬರೆದೆ: “ಆಕೆಯ ಹೆಸರು ಏನಮ್ಮಾ?”