ಎಚ್‌ಕೆ, ಕೆಕೆ ಮತ್ತು ನಾವು

ನಮ್ಮ ಭಾಗಕ್ಕೆ ಹೆಸರು ಎರಡು. ನಿಜಾಮರ ಸಂಸ್ಥಾನ 1948ರಲ್ಲೇ ಮುಗೀತು, 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಆದ್ರೂ ‘ಹೈದರಾಬಾದ್ ಕರ್ನಾಟಕ’ ಅನ್ನೋ ಹೆಸರು ಉಳೀತು. 2019ರಲ್ಲಿ ಸರ್ಕಾರ ಅದನ್ನ ‘ಕಲ್ಯಾಣ ಕರ್ನಾಟಕ’ ಮಾಡ್ತು.

ಕಲ್ಯಾಣ ಅಂದ್ರೆ ಒಳಿತು. ನಮಗದು ನಮ್ಮ ಜಿಲ್ಲೆಯ ಬಸವಕಲ್ಯಾಣವೂ ಹೌದು: ಚಾಲುಕ್ಯರ ರಾಜಧಾನಿ, ಶರಣರ ಊರು. ಈಗ ಬಸ್ಸಿನ ಮೇಲೂ ಅದೇ ಹೆಸರು. ಆದ್ರೆ ಸಂವಿಧಾನದ 371(ಜೆ) ವಿಧಿಯಲ್ಲಿ ಇನ್ನೂ ‘ಹೈದರಾಬಾದ್-ಕರ್ನಾಟಕ’ ಅಂತಲೇ ಇದೆ. ಸೀಟು, ನೌಕರಿ ಮಾತು ಬಂದ್ರೆ ನಾವೂ “ಎಚ್‌ಕೆ ಸರ್ಟಿಫಿಕೇಟ್ ಮಾಡ್ಸಿದೇನೋ?” ಅಂತೀವಿ. ಬೆಂಗಳೂರಲ್ಲಿ ಎಚ್‌ಕೆ ಅಂದ್ರೆ “ಹೈದರಾಬಾದಾ? ಕನ್ನಡ ಬರ್ತದಾ?” ಅಂತ ಕೇಳೋರು ಇದ್ದಾರೆ. ಅದಕ್ಕೇ ಹೊಸ ಹೆಸರು ನಮಗೆ ಬೇಕಿತ್ತು.

ಹಾಗಂತ ಹಳೇದೆಲ್ಲ ಪರಕೀಯ ಅಲ್ಲ. ನಮ್ಮ ನೌಬಾದವೂ ಪಾರಸಿ ಮಾತೇ: ನೌ ಅಂದ್ರೆ ಹೊಸ, ಆಬಾದ್ ಅಂದ್ರೆ ನೆಲೆಸಿದ ಊರು. ಇಲ್ಲಿನ ನೆಲದಡಿ ಬಹಮನಿ ಕಾಲದ ಸುರಂಗ ಬಾವಿ ಇದೆ. ನೌಬಾದ ಅಂತ ಕರೆದ್ರೆ ನಮ್ಮ ಕನ್ನಡಕ್ಕೇನೂ ಕಮ್ಮಿ ಆಗಲ್ಲ.

ಹೆಸರು ಬೋರ್ಡಿಗೆ ಬಂತು, ಅರ್ಥ ಇನ್ನೂ ಬರಬೇಕು. ಡಿಗ್ರಿ ಮುಗಿಸಿ ನಾವು ಹತ್ತೋ ಬಸ್ಸಿನ ಮೈಮೇಲೆ ‘ಕಲ್ಯಾಣ ಕರ್ನಾಟಕ’ ಅಂತಿರ್ತದ. ಅದು ಹೋಗೋದು ಮಾತ್ರ ಹೈದರಾಬಾದಿಗೇ.