ಪುಸ್ತಕ ಮುಚ್ಚಿದ ಮೇಲೆ

ಪರೀಕ್ಷೆ ಹತ್ತಿರ ಬಂತೆಂದರೆ ಹಾನಗಲ್ಲ ತಾಲ್ಲೂಕಿನ ಆಡೂರಿನಂಥ ಊರುಗಳಲ್ಲಿ ನಸುಕಿನಲ್ಲೇ ಓದುವ ದನಿ ಏಳುತ್ತದೆ. ಕೌದಿ ಹೊದ್ದು, ಗೋಡೆಗೆ ಒರಗಿ, ತೂಗುತ್ತ ಓದುವ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಪ್ಪ, ಅವ್ವ ಶಾಲೆಯ ಕಟ್ಟೆ ಹತ್ತಿದವರಲ್ಲ. ಪಾಸಾದರೆ ಹಾನಗಲ್ಲಿನ ಕಾಲೇಜು, ಇಲ್ಲವಾದರೆ ಮದುವೆ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಎಲ್ಲರಿಗೂ ಗೊತ್ತು.

ಅವಳ ಶ್ರಮಕ್ಕೇನೂ ಕೊರತೆಯಿಲ್ಲ. ಗೈಡಿನ ಸಾಲುಗಳ ಕೆಳಗೆಲ್ಲ ಗೆರೆ ಎಳೆದಿದ್ದಾಳೆ. ದ್ಯುತಿಸಂಶ್ಲೇಷಣೆಯ ವ್ಯಾಖ್ಯೆಯನ್ನು ಅಕ್ಷರ ತಪ್ಪದೆ ಬರೆಯುತ್ತಾಳೆ. ಕತ್ತಲೆಯಲ್ಲಿ ಎರಡು ದಿನ ಇಟ್ಟ ಗಿಡದ ಎಲೆಯಲ್ಲಿ ಪಿಷ್ಟ ಏಕಿಲ್ಲ ಎಂದು ಕೇಳಿದರೆ ಮಾತ್ರ ಕೈ ನಿಂತುಬಿಡುತ್ತದೆ. “ಎಲ್ಲಾ ಬಾಯಿಪಾಠ ಐತ್ರಿ ಸರ್, ಪ್ರಶ್ನಿ ಬ್ಯಾರೆ ತರಾ ಕೇಳ್ಯಾರ” ಎಂಬ ಅವಳ ಅಳಲು ಸುಳ್ಳಲ್ಲ. ಅದಕ್ಕೆ ಬೈಯುವ ಮಾಸ್ತರರೇ ಅವಳಿಗೆ ಬೇರೆ ತರಹ ಕೇಳಿದ್ದು ಯಾವಾಗ?

ಮತ್ತೆ ಮತ್ತೆ ನೋಡಿದ ಪುಟ ಕಣ್ಣಿಗೆ ಪರಿಚಯವಾಗುತ್ತದೆ. ಆ ಪರಿಚಯವನ್ನೇ ಮನಸ್ಸು ತಿಳಿವಳಿಕೆ ಎಂದು ನಂಬಿಬಿಡುತ್ತದೆ.

ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿನ ಈ ಮೋಸದ ಭಯವಿರಲಿಲ್ಲ. ಅವರಿಗೆ ದೃಷ್ಟಿಯೇ ಇರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಶಿಷ್ಯರಾಗಿ, ಮುಂದೆ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಗುರುವಿನೆದುರು ಕೂತು ಕಲಿಯುವ ಸಂಗೀತದಲ್ಲಿ ಸುಮ್ಮನೆ ಕೇಳಿ ಎದ್ದು ಹೋಗುವಂತಿಲ್ಲ. ಗುರು ಹಾಡಿದ್ದನ್ನು ಶಿಷ್ಯ ಆಗಲೇ ತಿರುಗಿ ಹಾಡಬೇಕು. ಸ್ವರ ಜಾರಿದರೆ ಅಲ್ಲೇ ಸಿಕ್ಕಿಬೀಳುತ್ತದೆ, ಅಲ್ಲೇ ತಿದ್ದಲ್ಪಡುತ್ತದೆ. ಕಲಿತದ್ದೆಷ್ಟು ಎಂಬುದು ಗೊತ್ತಾಗಲು ಮಾರ್ಚಿಯವರೆಗೆ ಕಾಯಬೇಕಿಲ್ಲ.

ಹುಡುಗಿಗೆ ಗುರುಕುಲ ಎಲ್ಲಿಂದ ಬರಬೇಕು? ಒಲೆಯ ಮುಂದೆ ರೊಟ್ಟಿ ಬಡಿಯುವ ಅವ್ವ ಇದ್ದಾಳೆ. ಪುಸ್ತಕ ಮುಚ್ಚಿ, ಗಿಡ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವ ಸಂಗತಿಯನ್ನು ಅವ್ವನಿಗೆ ಹೇಳಹೊರಟರೆ ಮೂರನೆಯ ಮಾತಿಗೇ ತಡವರಿಕೆ. ಅವ್ವ ರೊಟ್ಟಿ ತಿರುವಿ ಕೇಳುತ್ತಾಳೆ: “ಹಂಗಾರ ರಾತ್ರಿ ಗಿಡಾ ಏನ್ ತಿಂತಾವು?”

ಗೈಡಿನಲ್ಲಿ ಈ ಪ್ರಶ್ನೆಯಿಲ್ಲ. ಉತ್ತರವಿದೆ, ಗೆರೆ ಎಳೆದ ಸಾಲಿನಲ್ಲೇ ಇದೆ. ಹಗಲು ಮಾಡಿದ್ದರಲ್ಲಿ ಉಳಿದದ್ದನ್ನು ಗಿಡ ಪಿಷ್ಟವಾಗಿ ಕೂಡಿಡುತ್ತದೆ, ಕತ್ತಲಲ್ಲಿ ಅದನ್ನೇ ಕರಗಿಸಿ ಬಳಸುತ್ತದೆ. ಎರಡು ದಿನದ ಕತ್ತಲೆಗೆ ಪಿಷ್ಟ ಎಲ್ಲಿ ಹೋಯಿತೆಂದು ಅವಳಿಗೆ ಹೊಳೆಯುವುದು ಒಲೆಯ ಮುಂದೆ.

ಕೇಳುವ ರುಚಿ ಹತ್ತಿದರೆ ಎಂದೋ ಬಾಯಿಪಾಠ ಮಾಡಿದ ಚಾಲುಕ್ಯರೂ ಮಿಸುಕಾಡುತ್ತಾರೆ. ಆಡೂರಿನಲ್ಲಿಯೇ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 750ರ ಸುಮಾರಿನ ಶಾಸನವಿದೆ. ಸಂಸ್ಕೃತ, ಕನ್ನಡ ಎರಡೂ ಇರುವಂಥದು. ಧರ್ಮಗಾಮುಂಡ ಕಟ್ಟಿಸಿದ ಜಿನಾಲಯಕ್ಕೆ ಕೊಟ್ಟ ದಾನ ಅದರಲ್ಲಿದೆ. ಗಾಮುಂಡ ಎಂದರೆ ಇಂದಿನ ಗೌಡ ಎಂದು ಮಾಸ್ತರರು ಬಿಡಿಸಿ ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೈ ಮೇಲೇಳುತ್ತದೆ.

“ಗುಡಿ ಕಟ್ಟಿಸಿದಾಂವ ಗೌಡ. ಕಲ್ಲಿನ್ಯಾಗ ರಾಜನ ಹೆಸರ್‍ಯಾಕ್ರಿ ಸರ್?”

“ನಾಳೆ ಹೇಳ್ತೀನಿ, ಕೂಡು” ಎನ್ನುತ್ತಾರೆ ಮಾಸ್ತರರು. ಅಂದು ರಾತ್ರಿ ಅವರ ಮನೆಯ ದೀಪ ಬಹಳ ಹೊತ್ತು ಉರಿಯುತ್ತದೆ.